ಗೆದ್ದವರೂ ಗೆರೆ ಎಳೆದವರೂ: ಬಾಲಕರ ಶಾಲೆಯೊಂದರ ವರ್ಷ

ನಾನು ಗಣಿತ ಕಲಿಸುವ ಬಾಲಕರ ಶಾಲೆಯಲ್ಲಿ ಶೈಕ್ಷಣಿಕ ವರ್ಷದ ಕೊನೆಗೆ ಮೂರು ಕಾರ್ಯಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೊದಲು ಕ್ರೀಡಾಕೂಟ, ಅನಂತರ ಸಂಜೆಯ ಸಮಾರಂಭ, ಆ ಸಮಾರಂಭದಲ್ಲಿ ಬಿಡುಗಡೆಯಾಗಬೇಕಾದ ವಾರ್ಷಿಕ ಸಂಚಿಕೆ. ಆಟೋಟ, ನಾಟಕ, ಸಂಗೀತ, ಚರ್ಚಾಸ್ಪರ್ಧೆ, ಬೇರೆ ಬೇರೆ ಸಂಘಗಳ ಚಟುವಟಿಕೆ ಎಲ್ಲವೂ ಈ ಮೂರರಲ್ಲಿ ಅಡಕವಾಗಬೇಕು. ಈ ಬಾರಿ ಮೂರಕ್ಕೂ ಒಬ್ಬರೇ ಸಂಚಾಲಕರಿರಲಿ ಎಂದು ಮುಖ್ಯೋಪಾಧ್ಯಾಯರು ತೀರ್ಮಾನಿಸಿ, ವರ್ಷದ ಆರಂಭದಲ್ಲಿಯೇ ಆ ಹೊಣೆಯನ್ನು ನನಗೆ ವಹಿಸಿದರು. ಸಂಭ್ರಮವೆಂದರೆ ಕೊನೆಯ ವಾರದ ಅಲಂಕಾರ ಮತ್ತು ಧ್ವನಿವರ್ಧಕದ ವ್ಯವಸ್ಥೆ ಎಂದು ತಿಳಿದವರೇ ಹೆಚ್ಚು. ಮೊದಲೇ ವಹಿಸಿಕೊಂಡಿದ್ದರಿಂದ ನನಗೆ ಅದರ ಇನ್ನೊಂದು ಮಗ್ಗುಲು ಕಾಣಿಸಿತು.

ಕೆಲಸಕ್ಕೆ ತೊಡಗುವ ಮುನ್ನ ಹಿಂದಿನ ಕೆಲವು ವರ್ಷಗಳ ಸಂಚಿಕೆಗಳನ್ನೂ ಫಲಿತಾಂಶದ ರಿಜಿಸ್ಟರುಗಳನ್ನೂ ಎದುರಿಗಿಟ್ಟುಕೊಂಡು, ಬಹುಮಾನ ಪಡೆದವರ ಹೆಸರುಗಳನ್ನೆಲ್ಲ ಒಂದೇ ಪಟ್ಟಿಗೆ ಇಳಿಸಿದೆ. ಓಟದಲ್ಲಿ ಮೊದಲು ಬಂದವನೇ ಉದ್ದಜಿಗಿತದಲ್ಲಿಯೂ ಇದ್ದ, ಅವನೇ ಫುಟ್‌ಬಾಲ್ ತಂಡದಲ್ಲಿಯೂ ಇದ್ದ, ಮುಖಪುಟದ ಚಿತ್ರದಲ್ಲಿ ಪಾರಿತೋಷಕವನ್ನು ಎತ್ತಿ ಹಿಡಿದಿದ್ದವನೂ ಅವನೇ. ಶಾಲೆಯ ಹಾಜರಿ ಪುಸ್ತಕದಲ್ಲಿ ನೂರಾರು ಹುಡುಗರಿದ್ದರೆ, ಸಂಭ್ರಮದ ಪುಸ್ತಕದಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದರು. ಗೆದ್ದವರನ್ನು ಹೊಗಳುವುದರಲ್ಲಿ ತಪ್ಪೇನೂ ಇಲ್ಲ, ಅವರು ಬೆವರು ಸುರಿಸಿಯೇ ಗೆದ್ದಿದ್ದಾರೆ. ಆದರೆ ಉಳಿದವರು ಆ ವರ್ಷವೆಲ್ಲ ಏನು ಮಾಡುತ್ತಿದ್ದರು ಎಂಬುದಕ್ಕೆ ನಮ್ಮ ದಾಖಲೆಗಳಲ್ಲಿ ಉತ್ತರವೇ ಇರಲಿಲ್ಲ.

ಅದೇ ಹೆಸರುಗಳು ಮತ್ತೆ ಮತ್ತೆ ಬರುವುದಕ್ಕೆ ಪ್ರತಿಭೆಯೊಂದೇ ಕಾರಣವಲ್ಲ ಎಂಬುದನ್ನು ಹದಿಹರೆಯದ ಹುಡುಗರ ತರಗತಿಗೆ ಕಾಲಿಟ್ಟವರು ಯಾರು ಬೇಕಾದರೂ ಹೇಳಬಲ್ಲರು. ಹುಡುಗರಲ್ಲಿ ಪ್ರೌಢಾವಸ್ಥೆಯ ಆರಂಭ 9ರಿಂದ 14ರ ನಡುವಿನ ಯಾವ ವಯಸ್ಸಿನಲ್ಲಾದರೂ ಆಗಬಹುದು, ಅಷ್ಟೂ ಸಹಜವೇ. ಎತ್ತರ ಅತ್ಯಂತ ವೇಗವಾಗಿ ಏರುವುದು ಸಾಮಾನ್ಯವಾಗಿ 13-14ರ ಆಸುಪಾಸಿನಲ್ಲಿ. ಆ ಒಂದು ವರ್ಷದಲ್ಲಿ ಕೆಲವರು 8ರಿಂದ 10 ಸೆಂಟಿಮೀಟರ್ ಬೆಳೆದುಬಿಡುತ್ತಾರೆ. ಹೀಗಾಗಿ 14 ವರ್ಷದೊಳಗಿನವರು ಎಂದು ನಾವು ಒಂದೇ ಗೆರೆಯಲ್ಲಿ ನಿಲ್ಲಿಸುವವರಲ್ಲಿ ಮೀಸೆ ಚಿಗುರಿದವನೂ ಇರುತ್ತಾನೆ, ಅವನ ಎದೆಮಟ್ಟಕ್ಕೆ ಬರುವ ಹುಡುಗನೂ ಇರುತ್ತಾನೆ. ಇದಕ್ಕೆ ಹುಟ್ಟಿದ ತಿಂಗಳ ಲೆಕ್ಕವೂ ಸೇರಿಕೊಳ್ಳುತ್ತದೆ. ವಯೋಮಿತಿಯ ದಿನಾಂಕದ ಈಚೆಗೆ ಹುಟ್ಟಿದವನಿಗೂ ಅದೇ ಗುಂಪಿನ ಕೊನೆಯಲ್ಲಿ ಹುಟ್ಟಿದವನಿಗೂ ಸುಮಾರು ಒಂದು ವರ್ಷದ ಅಂತರವಿರುತ್ತದೆ. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಎದ್ದುಕಾಣುವಷ್ಟು ಹೆಚ್ಚಾಗಿರುವುದನ್ನು ಸಂಶೋಧಕರು 1985ರಲ್ಲಿ ತೋರಿಸಿಕೊಟ್ಟರು. ಅನಂತರ ಫುಟ್‌ಬಾಲ್ ಸೇರಿದಂತೆ ಬೇರೆ ಆಟಗಳಲ್ಲಿಯೂ ಅದೇ ಒಲವು ಕಂಡುಬಂದಿತು. ಬೇಗ ಬೆಳೆದವನು ತಂಡಕ್ಕೆ ಆಯ್ಕೆಯಾಗುತ್ತಾನೆ, ಆಯ್ಕೆಯಾದವನಿಗೆ ಅಭ್ಯಾಸ ಸಿಗುತ್ತದೆ, ಅಭ್ಯಾಸ ಸಿಕ್ಕವನು ಮತ್ತೆ ಆಯ್ಕೆಯಾಗುತ್ತಾನೆ. ತಡವಾಗಿ ಬೆಳೆಯುವ ಹುಡುಗ ಎತ್ತರವಾಗುವ ಹೊತ್ತಿಗೆ, ಆಟ ತನಗೆ ಹೇಳಿಸಿದ್ದಲ್ಲ ಎಂದು ಮೈದಾನದಿಂದ ದೂರ ಸರಿದಿರುತ್ತಾನೆ.

ಈ ಪಟ್ಟಿಯನ್ನು ಹಿಡಿದುಕೊಂಡು ನಾನು ನಮ್ಮ ಹಿರಿಯ ದೈಹಿಕ ಶಿಕ್ಷಕರ ಬಳಿಗೆ ಹೋದೆ. ನಮ್ಮಲ್ಲಿ ಶಾಲೆಯನ್ನು ನಾಲ್ಕು ಹೌಸುಗಳಾಗಿ ವಿಂಗಡಿಸಲಾಗಿದೆ. ಮೊದಲ ಮೂರು ಸ್ಥಾನಗಳಿಗೆ 5, 3, 1 ಎಂಬಂತೆ ಅಂಕಗಳು, ಒಟ್ಟು ಅಂಕ ಹೆಚ್ಚಿದ್ದ ಹೌಸಿಗೆ ಸಮಗ್ರ ಪಾರಿತೋಷಕ. ಸ್ಥಾನದ ಅಂಕಗಳನ್ನು ಹಾಗೆಯೇ ಉಳಿಸಿಕೊಂಡು, ಜೊತೆಗೆ ಪ್ರತಿ ವಯೋಗುಂಪಿಗೂ ಪ್ರತಿ ಸ್ಪರ್ಧೆಗೂ ಒಂದು ಗುರಿಮಟ್ಟವನ್ನು ನಿಗದಿಪಡಿಸೋಣ, ಇಷ್ಟು ಸಮಯದೊಳಗೆ ಓಡಿದ ಅಥವಾ ಇಷ್ಟು ದೂರ ಜಿಗಿದ ಪ್ರತಿಯೊಬ್ಬ ಹುಡುಗನೂ ತನ್ನ ಹೌಸಿಗೆ ಒಂದು ಅಂಕ ತರಲಿ ಎಂಬುದು ನನ್ನ ಸಲಹೆ. ಬೇರೆ ಕೆಲವು ಶಾಲೆಗಳಲ್ಲಿ ಹಳೆಯ ಕಾಲದಿಂದ ನಡೆದುಬಂದಿರುವ ಕ್ರಮವೇ ಇದು, ನನ್ನ ಆವಿಷ್ಕಾರವೇನಲ್ಲ.

"ಎಲ್ಲರಿಗೂ ಅಂಕ ಹಂಚಿದರೆ ಅಂಕಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ, ಮೇಷ್ಟ್ರೇ?" ಎಂದು ಅವರು ಕೇಳಿದರು. ಮೂರನೆಯವನಾಗಿ ಗೆರೆ ದಾಟಲು ಶ್ವಾಸಕೋಶವೇ ಹೊರಬರುವಂತೆ ಓಡಿದ ಹುಡುಗನಿಗೆ ಒಂದು ಅಂಕ, ಅಡ್ಡಾಡಿಕೊಂಡು ಬಂದವನಿಗೂ ಒಂದು ಅಂಕ ಎಂದರೆ ಅದು ಹಾಗೆ ಓಡಿ ಬಂದವನಿಗೆ ಮಾಡುವ ಅವಮಾನ ಎಂಬುದು ಅವರ ವಾದವಾಗಿತ್ತು. ವಾದದಲ್ಲಿ ತೂಕವಿತ್ತು. ಆದ್ದರಿಂದ ಗುರಿಮಟ್ಟವನ್ನು ನಿಗದಿಪಡಿಸುವ ಕೆಲಸವನ್ನು ಅವರಿಗೇ ಬಿಟ್ಟುಕೊಟ್ಟೆವು. ಅವರು ಹಳೆಯ ರಿಜಿಸ್ಟರುಗಳ ಸಮಯಗಳನ್ನು ನೋಡಿ, ಸುಮ್ಮನೆ ಬಂದು ನಿಂತವನಿಗೆ ದಕ್ಕದ, ಆದರೆ ಕೆಲವು ವಾರ ಅಭ್ಯಾಸ ಮಾಡಿದರೆ ತರಗತಿಯ ಅರ್ಧದಷ್ಟು ಹುಡುಗರಿಗೆ ಎಟುಕಬಹುದಾದ ಮಟ್ಟವನ್ನು ಪ್ರತಿ ಸ್ಪರ್ಧೆಗೂ ಗೊತ್ತುಮಾಡಿದರು. ಮೂರನೆಯ ಸ್ಥಾನಕ್ಕೆ 2 ಅಂಕ ಎಂದು ತಿದ್ದಿದವರೂ ಅವರೇ. ಆಟದ ಪೀರಿಯಡ್ಡುಗಳಲ್ಲಿ ಯಾವಾಗ ಬೇಕಾದರೂ ಬಂದು ಪ್ರಯತ್ನಿಸಬಹುದು, ಎಷ್ಟು ಬಾರಿಯಾದರೂ ಪ್ರಯತ್ನಿಸಬಹುದು ಎಂಬ ನಿಯಮವಿದ್ದುದರಿಂದ, ಒಂದು ಸೆಕೆಂಡಿನಲ್ಲಿ ತಪ್ಪಿದವನು ಮರುವಾರ ಮತ್ತೆ ಗೆರೆಯ ಮೇಲೆ ನಿಂತಿರುತ್ತಿದ್ದ. ಅವನನ್ನು ಹುರಿದುಂಬಿಸಲು ಹೌಸಿನ ದೊಡ್ಡ ಹುಡುಗರು ಬರತೊಡಗಿದರು. ಇದರಲ್ಲಿ ಅವರ ಸ್ವಾರ್ಥವೂ ಇತ್ತು ಎನ್ನಿ, ಒಂದೊಂದು ಅಂಕವೂ ಅವರಿಗೆ ಬೇಕಾಗಿತ್ತಲ್ಲ. ಆದರೆ ಹನ್ನೆರಡರ ಹುಡುಗನ ಪಕ್ಕದಲ್ಲಿ ಹದಿನಾರರವನು ಗಡಿಯಾರ ಹಿಡಿದು ಓಡುವುದಕ್ಕೆ ಕಾರಣ ಯಾವುದಾದರೇನು?

ತಂಡದ ಆಟಗಳ ವೇಳಾಪಟ್ಟಿಯನ್ನು ತಿದ್ದುವುದು ಇದಕ್ಕಿಂತ ಸುಲಭವಾಗಿತ್ತು, ಏಕೆಂದರೆ ಅಲ್ಲಿ ಇದ್ದದ್ದು ಬರೀ ಲೆಕ್ಕ. ಪ್ರತಿ ಹೌಸಿನಿಂದ ಎರಡರಂತೆ 8 ತಂಡಗಳ ನಾಕೌಟ್ ಪಂದ್ಯಾವಳಿ 7 ಪಂದ್ಯಗಳಲ್ಲಿ ಮುಗಿಯುತ್ತದೆ, ಆದರೆ ಮೊದಲ ಸುತ್ತಿನಲ್ಲಿಯೇ ಅರ್ಧ ತಂಡಗಳು ಮನೆಗೆ ಹೋಗುತ್ತವೆ. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಎಂದರೆ 28 ಪಂದ್ಯಗಳು, ಅಷ್ಟು ಸಂಜೆಗಳು ನಮ್ಮಲ್ಲಿರಲಿಲ್ಲ. ನಾಲ್ಕು ನಾಲ್ಕರ ಎರಡು ಗುಂಪುಗಳನ್ನು ಮಾಡಿದಾಗ ಗುಂಪಿನ ಹಂತಕ್ಕೆ 12, ಸೆಮಿಫೈನಲ್‌ಗೆ 2, ಫೈನಲ್ ಒಂದು, ಒಟ್ಟು 15 ಪಂದ್ಯಗಳಾದವು; ಎಷ್ಟೇ ದುರ್ಬಲ ತಂಡವಾದರೂ ಮೂರು ಪಂದ್ಯಗಳನ್ನು ಆಡಿಯೇ ತೀರುವಂತಾಯಿತು. ಚದುರಂಗಕ್ಕೆ ಸ್ವಿಸ್ ಪದ್ಧತಿಯನ್ನು ಅಳವಡಿಸಿದೆವು. 1895ರಲ್ಲಿ ಜ್ಯೂರಿಕ್‌ನ ಪಂದ್ಯಾವಳಿಯೊಂದರಲ್ಲಿ ಮೊದಲು ಬಳಕೆಗೆ ಬಂದ ಈ ಕ್ರಮದಲ್ಲಿ ಸೋತವರು ಹೊರಬೀಳುವುದಿಲ್ಲ. ಪ್ರತಿ ಸುತ್ತಿನಲ್ಲಿಯೂ ಸಮಾನ ಅಂಕ ಪಡೆದವರು ಪರಸ್ಪರ ಎದುರಾಗುತ್ತಾರೆ. 32 ಹುಡುಗರಿದ್ದರೂ 5 ಸುತ್ತುಗಳು ಸಾಕು, ಕಡೆಯ ಸುತ್ತಿನವರೆಗೂ ಎಲ್ಲರ ಮುಂದೆಯೂ ಹಲಗೆ ಇರುತ್ತದೆ. ಸತತವಾಗಿ ಸೋತ ಇಬ್ಬರು ಕೊನೆಯ ಸುತ್ತಿನಲ್ಲಿ ಎದುರುಬದುರಾಗಿ ಕುಳಿತು, ಅಗ್ರಸ್ಥಾನದ ಆಟ ಮುಗಿದ ಎಷ್ಟೋ ಹೊತ್ತಿನ ನಂತರವೂ ಏಳದೆ ಸೆಣಸಿದ್ದನ್ನು ನಾನು ಕಂಡಿದ್ದೇನೆ.

ಮಳೆ ಹಿಡಿದ ವಾರಗಳಲ್ಲಿ ಮೈದಾನ ಕೆಸರಾಗಿ ಎಲ್ಲರೂ ಒಳಾಂಗಣಕ್ಕೆ ಬರಬೇಕಾಯಿತು. ಹೊರಗೆ ಬಿಡದ ಹುಡುಗರ ಗುಂಪನ್ನು ನಾಲ್ಕು ಗೋಡೆಗಳ ನಡುವೆ ಸಂಭಾಳಿಸುವ ಕಷ್ಟದಿಂದಲೇ ಬ್ಯಾಸ್ಕೆಟ್‌ಬಾಲ್ ಹುಟ್ಟಿತು ಎಂಬುದು ಆ ದಿನಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಯಿತು. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಪುಂಡ ತರಗತಿಯೊಂದನ್ನು ತಹಬಂದಿಗೆ ತರಲು ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಸಿ 13 ನಿಯಮಗಳನ್ನು ಬರೆದರು. ಆ ತರಗತಿಯಲ್ಲಿ 18 ಯುವಕರಿದ್ದುದರಿಂದ ಮೊದಲ ಆಟದಲ್ಲಿ ಒಂದೊಂದು ಕಡೆಗೆ ಒಂಬತ್ತು ಮಂದಿ. ಇದ್ದಷ್ಟೂ ಜನರನ್ನು ಆಡಿಸುವ ಆ ಧಾರಾಳತನ ನನಗೆ ಇಂದಿನ ಐವರ ಆಟಕ್ಕಿಂತ ಹಿಡಿಸುತ್ತದೆ.

ಕ್ರೀಡಾಕೂಟ ಹತ್ತಿರವಾದಂತೆ ಓಟದ ಪಥದ ಗೆರೆ ಎಳೆಯುವ ಕೆಲಸ ಬಂದಿತು. ಹಿಂದೆ ಇದನ್ನು ಶಿಕ್ಷಕರೇ ಮಾಡಿ ಮುಗಿಸುತ್ತಿದ್ದರು. ಈ ಬಾರಿ ಯಾವ ಆಟಕ್ಕೂ ಹೆಸರು ಕೊಡದಿದ್ದ ಹುಡುಗರನ್ನು ಕರೆದು, ಅಳತೆಯ ತಂಡವೊಂದನ್ನು ಕಟ್ಟಿದೆ. ನಮ್ಮ ಮೈದಾನಕ್ಕೆ 400 ಮೀಟರಿನ ಪಥ ಹಿಡಿಸುವುದಿಲ್ಲ; 200 ಮೀಟರಿನದನ್ನೇ ಎಳೆಯಬೇಕು. ಎರಡು ನೇರ ಭಾಗಗಳು 40 ಮೀಟರಿನವು, ಎರಡು ಅರ್ಧವೃತ್ತಗಳು 60 ಮೀಟರಿನವು ಎಂದು ಇಟ್ಟುಕೊಂಡೆವು. 60ನ್ನು ಪೈಯಿಂದ ಭಾಗಿಸಿದರೆ ತ್ರಿಜ್ಯ 19.10 ಮೀಟರ್, ಆದರೆ ಓಟಗಾರ ಗೆರೆಯ ಮೇಲೆಯೇ ಓಡುವುದಿಲ್ಲವಾದ್ದರಿಂದ ದೂರವನ್ನು ಗೆರೆಯಿಂದ 20 ಸೆಂಟಿಮೀಟರ್ ಆಚೆಗೆ ಅಳೆಯುತ್ತಾರೆ, ಆದ್ದರಿಂದ ಗೆರೆ ಎಳೆಯುವ ತ್ರಿಜ್ಯ 18.90. ನಡುವಿನ ಆಯತ 40 ಮೀಟರ್ ಉದ್ದ, 37.80 ಮೀಟರ್ ಅಗಲ. ಮೂಲೆಗಳು ನೇರವಾಗಿವೆಯೇ ಎಂದು ತಿಳಿಯಲು ಪೈಥಾಗೊರಸನ ಪ್ರಮೇಯವೇ ಸಾಕು. ಎರಡು ಕರ್ಣಗಳೂ 55.03 ಮೀಟರ್ ಬರಬೇಕು. ಪರೀಕ್ಷೆಯಲ್ಲಿ ಆ ಪ್ರಮೇಯವನ್ನು ಕಂಡು ಬೆದರುತ್ತಿದ್ದ ಹುಡುಗನೊಬ್ಬ ಬಿಸಿಲಿನಲ್ಲಿ ಟೇಪಿನ ತುದಿಯನ್ನು ಹಿಡಿದುಕೊಂಡು, "ಸರ್, ಮೂರು ಸೆಂಟಿಮೀಟರ್ ಹೆಚ್ಚು ಬರುತ್ತಿದೆ, ಗೂಟವನ್ನು ಸರಿಸಬೇಕು" ಎಂದು ಹಟ ಹಿಡಿದ. ತಿರುವಿಗೆ ಹಗ್ಗದ ಬದಲು ತಂತಿಯನ್ನು ಬಳಸಿದೆವು, ಎಳೆದಂತೆ ಹಗ್ಗ ಹಿಗ್ಗುತ್ತದೆ.

ಪಥಗಳ ಅಗಲ 1.22 ಮೀಟರ್. ಹೊರಗಿನ ಪಥದವನು ಹೆಚ್ಚು ದೂರ ಓಡಬೇಕಾಗುವುದರಿಂದ ಅವನನ್ನು ಮುಂದೆ ನಿಲ್ಲಿಸಬೇಕು. ಒಂದು ಪೂರ್ಣ ಸುತ್ತಿಗೆ ಆ ಅಂತರ ಪಥದ ಅಗಲದ 2 ಪೈ ಪಟ್ಟು, ಅಂದರೆ 7.67 ಮೀಟರ್. ಒಳಅಂಚಿನಲ್ಲಿ ಎತ್ತರಿಸಿದ ಕಟ್ಟೆಯಿರುವ ಪಥಗಳಲ್ಲಿ ಮೊದಲ ಪಥವನ್ನು 30 ಸೆಂಟಿಮೀಟರ್ ಆಚೆಗೆ ಅಳೆಯುವುದರಿಂದ ಎರಡನೆಯವನ ಅಂತರ 7.04ಕ್ಕೆ ಇಳಿಯುತ್ತದೆ, ನಮ್ಮದು ಸುಣ್ಣದ ಗೆರೆಯಾದ್ದರಿಂದ ಎಲ್ಲ ಪಥಗಳಿಗೂ ಒಂದೇ ಅಳತೆ. ದೊಡ್ಡ ಕ್ರೀಡಾಂಗಣದಲ್ಲಿ ಈ ಅಂತರವೂ ದೊಡ್ಡದಾಗಿರುತ್ತದಲ್ಲವೇ ಎಂದು ತಂಡದ ಹುಡುಗರು ಕೇಳಿದರು. ಸುತ್ತು ಪೂರ್ಣವಾಗಿದ್ದರೆ ಇಲ್ಲ. ಸೂತ್ರದಲ್ಲಿ ತ್ರಿಜ್ಯವೇ ಉಳಿಯುವುದಿಲ್ಲ. ಅವರು ನಂಬಲಿಲ್ಲ. ಗೆರೆ ಎಳೆಯುವುದನ್ನು ಬಿಟ್ಟು ನೆಲದ ಮೇಲೆಯೇ ಲೆಕ್ಕ ಹಾಕತೊಡಗಿದರು, ಭೂಮಿಯನ್ನೇ ಸುತ್ತುವ ಪಥಕ್ಕೂ 7.67 ಮೀಟರೇ ಬರುತ್ತದೆಂದು ಖಾತ್ರಿಯಾದ ಮೇಲೆ ಸುಣ್ಣದ ಬಕೆಟ್ಟನ್ನು ಎತ್ತಿಕೊಂಡರು. ಕ್ರೀಡಾಕೂಟದ ದಿನ, ಆರನೆಯ ಪಥದವನನ್ನು 38 ಮೀಟರಿಗೂ ಹೆಚ್ಚು ಮುಂದೆ ನಿಲ್ಲಿಸಿದ್ದನ್ನು ಕಂಡು ಆಕ್ಷೇಪಿಸಿದ ಪೋಷಕರಿಗೆ ಇದನ್ನೆಲ್ಲ ವಿವರಿಸಿದವರು ಈ ಹುಡುಗರೇ.

ಆ ದಿನದ ಓಟಗಳನ್ನೆಲ್ಲ ಇಲ್ಲಿ ಬಣ್ಣಿಸುವುದಿಲ್ಲ. ಎರಡನ್ನು ಮಾತ್ರ ಹೇಳುತ್ತೇನೆ. ಹಗ್ಗಜಗ್ಗಾಟದಲ್ಲಿ ಪ್ರತಿ ಸಲವೂ ದಢೂತಿ ಹುಡುಗರಿರುವ ಹೌಸು ಗೆಲ್ಲುತ್ತಿತ್ತು. 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿಯೂ ಇದ್ದ ಈ ಆಟವನ್ನು ಇಂದಿನ ಅಧಿಕೃತ ಸ್ಪರ್ಧೆಗಳಲ್ಲಿ ಎಂಟೂ ಜನರ ಒಟ್ಟು ತೂಕಕ್ಕೆ ಮಿತಿಯಿಟ್ಟು ಆಡಿಸುತ್ತಾರೆ. ನಾವೂ ತಕ್ಕಡಿಯನ್ನು ಮೈದಾನಕ್ಕೆ ತಂದೆವು. ಒಟ್ಟು ತೂಕ ಮಿತಿಮೀರಬಾರದು ಎಂದಾದ ಕೂಡಲೇ ಎಲ್ಲ ನಾಯಕರೂ ಸಣಕಲು ಹುಡುಗರನ್ನು ಹುಡುಕಿಕೊಂಡು ಹೊರಟರು. ಎಂದೂ ಯಾರೂ ಕರೆಯದಿದ್ದವರಿಗೆ ಒಂದೇ ಬೆಳಗ್ಗೆ ನಾಲ್ಕು ಕಡೆಯ ಮಾತುಗಳನ್ನು ಕೇಳುವ ಯೋಗ ಬಂದಿತು. ಇನ್ನೊಂದು ರಿಲೇ ಓಟ. ಪ್ರತಿ ಹೌಸಿನಿಂದ ಒಂದೊಂದು ತರಗತಿಯ ಒಬ್ಬೊಬ್ಬ, ಚಿಕ್ಕವನಿಂದ ದೊಡ್ಡವನವರೆಗೆ. ಮುನ್ನಡೆಯಲ್ಲಿದ್ದ ಹೌಸಿನ ಪುಟ್ಟ ಹುಡುಗನ ಕೈಯಿಂದ ಬೇಟನ್ ಜಾರಿ ಒಳಮೈದಾನಕ್ಕೆ ಉರುಳಿತು. ಬೀಳಿಸಿದವನೇ ಎತ್ತಿಕೊಳ್ಳಬೇಕು ಎಂಬುದು ನಿಯಮ. ಮುಂದೆ ಕಾಯುತ್ತಿದ್ದ ದೊಡ್ಡ ಹುಡುಗ ತನ್ನ ಜಾಗವನ್ನು ಬಿಟ್ಟು ಕದಲುವಂತಿರಲಿಲ್ಲ, ಕೈಚಾಚಿಕೊಂಡು ನಿಂತಲ್ಲೇ ಕುಣಿಯುತ್ತ, "ನಿಧಾನ, ನಿಧಾನ, ನಾನಿದ್ದೀನಿ" ಎಂದು ಕೂಗುತ್ತಿದ್ದ. ಅವರ ಹೌಸು ಕೊನೆಯದಾಗಿ ಬಂದಿತು. ಓಟ ಮುಗಿದ ಮೇಲೆ ಆ ಪುಟ್ಟ ಹುಡುಗನನ್ನು ಯಾರೂ ಬೈಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಒಬ್ಬಿಬ್ಬರು ಬೈದರು. ಬೈದವರನ್ನು ಆ ದೊಡ್ಡ ಹುಡುಗ ಅಲ್ಲಿಯೇ ತಡೆದ.

ಸಂಜೆಯ ಸಮಾರಂಭದ ತಾಲೀಮಿನಲ್ಲಿ ಬೆಳವಣಿಗೆಯ ಪ್ರಶ್ನೆಯೇ ಬೇರೊಂದು ವೇಷದಲ್ಲಿ ಎದುರಾಯಿತು. ಗಂಡುಮಕ್ಕಳ ಧ್ವನಿ ಪ್ರೌಢಾವಸ್ಥೆಯಲ್ಲಿ ಹೆಚ್ಚುಕಡಿಮೆ ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಗಂಟಲಗೂಡು ದೊಡ್ಡದಾಗಿ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುವುದು ಇದಕ್ಕೆ ಕಾರಣ. ವರ್ಷದ ಆರಂಭದಲ್ಲಿ ವೃಂದಗಾನದ ಮೇಲಿನ ಸ್ವರಗಳನ್ನು ಒಬ್ಬನೇ ಹೊತ್ತು ಹಾಡುತ್ತಿದ್ದ ಹುಡುಗನಿಗೆ ವರ್ಷದ ಕೊನೆಗೆ ನಡುಸ್ಥಾಯಿಯಲ್ಲಿಯೇ ಧ್ವನಿ ಒಡೆಯತೊಡಗಿತು. ಬಾಲಕರ ಶಾಲೆಯ ಸಂಗೀತ ಶಿಕ್ಷಕರಿಗೆ ಇದು ಪ್ರತಿ ವರ್ಷದ ಅನುಭವ. ಅವರು ಅವನನ್ನು ಗಾಯನದಿಂದ ಕೈಬಿಡದೆ, ಅವನ ಗಂಟಲಿಗೆ ಸಲೀಸಾಗಿ ದಕ್ಕುವ ಕೆಲವೇ ಸ್ವರಗಳನ್ನು ಆಯ್ದು ಬೇರೊಂದು ಸಾಲನ್ನು ರಚಿಸಿಕೊಟ್ಟರು, ಏಕಗಾನವನ್ನು ಕೆಳಗಿನ ತರಗತಿಯವನಿಗೆ ಕಲಿಸುವ ಹೊಣೆಯನ್ನೂ ಅವನಿಗೇ ಒಪ್ಪಿಸಿದರು. ನಾಟಕದಲ್ಲಿ ಸ್ತ್ರೀಪಾತ್ರಗಳು ಇದ್ದೇ ಇರುತ್ತವೆ, ನಮ್ಮಲ್ಲಿ ಅವನ್ನು ಹುಡುಗರೇ ವಹಿಸಬೇಕು. 16ನೆಯ ಶತಮಾನದ ಇಂಗ್ಲೆಂಡಿನ ರಂಗಭೂಮಿಯಲ್ಲಿ ಅದೇ ವಾಡಿಕೆಯಾಗಿತ್ತು ಎಂದು ಹೇಳಿದರೂ ಮೊದಮೊದಲು ಕಿಸಿಕಿಸಿ ನಗು ನಿಲ್ಲಲಿಲ್ಲ. ತಾಯಿಯ ಪಾತ್ರವನ್ನು ಫುಟ್‌ಬಾಲ್ ತಂಡದ ಗೋಲ್‌ಕೀಪರ್ ತಾನಾಗಿ ಕೇಳಿ ಪಡೆದ ದಿನ ನಗು ತನ್ನಷ್ಟಕ್ಕೆ ತಾನೇ ನಿಂತಿತು.

ನನ್ನ ಪಾಲಿಗೆ ಇಡೀ ವರ್ಷದ ಅತ್ಯಂತ ಉಪಯುಕ್ತ ಕೆಲಸವೆಂದರೆ ಸಂಚಿಕೆಗೆ ಚಿತ್ರಗಳನ್ನು ಆರಿಸಿದ್ದು. ಛಾಯಾಚಿತ್ರ ಸಂಘದ ಹುಡುಗರು ರಾಶಿ ಚಿತ್ರಗಳನ್ನು ತಂದು ಸುರಿದಿದ್ದರು. ಚೆಂದದ ಚಿತ್ರವನ್ನು ಆಯುವ ಮೊದಲು, ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಚಿತ್ರದಲ್ಲಿ ಕಾಣುವ ಹುಡುಗನ ಹೆಸರಿನ ಮುಂದೆ ಗುರುತು ಹಾಕುತ್ತ ಹೋಗಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳಿಗೆ ಹೇಳಿದೆ. ಗುರುತು ಬೀಳದ ಹೆಸರುಗಳು ಬಹಳಷ್ಟು ಉಳಿದವು. ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ವರ್ಷವಿಡೀ ಏನು ಮಾಡಿದಿರಿ ಎಂದು ಕೇಳಿಬರಲು ಕಳುಹಿಸಿದೆ. "ಏನೂ ಇಲ್ಲ" ಎಂಬುದು ಬಹುಪಾಲು ಹುಡುಗರ ಮೊದಲ ಉತ್ತರ. ಇನ್ನೆರಡು ಪ್ರಶ್ನೆ ಕೇಳಿದರೆ ಒಂದೊಂದೇ ಸಂಗತಿ ಹೊರಬರುತ್ತಿತ್ತು. ಒಬ್ಬ ಪ್ರತಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ, ಇನ್ನೊಬ್ಬ ಕೈಮುರಿದುಕೊಂಡು ಆಡಲಾಗದೆ ಎಲ್ಲ ಪಂದ್ಯಗಳ ಅಂಕಪಟ್ಟಿಯನ್ನು ಬರೆದಿದ್ದ. ನಾಟಕದ ಪರದೆ ಎಳೆಯುವವನಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊತ್ತವನು, ಹೊಸದಾಗಿ ಸೇರಿದ ಅಂಜುಬುರುಕ ಹುಡುಗನ ಜೊತೆಗೆ ತಿಂಗಳುಗಟ್ಟಲೆ ಊಟಕ್ಕೆ ಕುಳಿತವನು, ಇವರ ಸಂಗತಿಗಳೂ ಹೀಗೆಯೇ ಸಿಕ್ಕವು. ಸಂಚಿಕೆಯ ನಡುವಿನ ಪುಟಗಳಲ್ಲಿ ಅಕಾರಾದಿಯಾಗಿ ಶಾಲೆಯ ಪ್ರತಿ ಹುಡುಗನ ಹೆಸರನ್ನೂ ಅವನ ಪಾಲಿನ ಒಂದು ಸಾಲಿನೊಡನೆ ಅಚ್ಚು ಹಾಕಿಸಿದೆವು. ಇದಕ್ಕೆ ಜಾಗ ಹೊಂದಿಸಲು ಗಣ್ಯರ ಸಂದೇಶಗಳ ಪುಟಗಳನ್ನು ಕಡಿತಗೊಳಿಸಬೇಕಾಯಿತು. ಅದನ್ನು ಓದುವವರು ಯಾರೆಂಬುದು ನನಗೆ ಎಂದಿನಿಂದಲೂ ಬಗೆಹರಿಯದ ಪ್ರಶ್ನೆ.

ಇದೇ ಸಂಚಿಕೆಗೆ ಹಿರಿಯ ತರಗತಿಯ ಹುಡುಗನೊಬ್ಬ ಶಾಲೆ ಮತ್ತು ಕ್ರೀಡೆಯ ಸಂಬಂಧವನ್ನು ಕುರಿತು ಲೇಖನ ಬರೆದುಕೊಟ್ಟ. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ 1828ರಿಂದ 1841ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಲ್ಡ್ ಅವರೇ ಕ್ರೀಡೆಯ ಮೂಲಕ ಶೀಲ ರೂಪಿಸುವ ಪದ್ಧತಿಯನ್ನು ತಂದರು, ಆಧುನಿಕ ಒಲಿಂಪಿಕ್ಸ್‌ನ ರೂವಾರಿ ಪಿಯರ್ ದ ಕುಬರ್ತೆಂ ಅವರಿಗೆ ಅದೇ ಸ್ಫೂರ್ತಿಯಾಯಿತು ಎಂದು ಅವನು ಬರೆದಿದ್ದ. ಎರಡನೆಯ ಮಾತು ಸರಿ. ಮೊದಲನೆಯದರಲ್ಲಿ ಕುಬರ್ತೆಂ ಅವರ ಉತ್ಸಾಹವೇ ಹೆಚ್ಚು, ಆರ್ನಲ್ಡ್ ಅವರಿಗೆ ಆಟಗಳಲ್ಲಿ ಅಷ್ಟೇನೂ ಆಸಕ್ತಿಯಿರಲಿಲ್ಲ. ಅಲ್ಲಿ ಆಟಗಳನ್ನು ನಡೆಸಿಕೊಂಡು ಬಂದವರು ಮುಖ್ಯವಾಗಿ ಹುಡುಗರೇ. ಹಾಗೆ ತಿದ್ದಿದ ಮೇಲೆ ಲೇಖನ ಅವನಿಗೂ ಹೆಚ್ಚು ಇಷ್ಟವಾಯಿತು.

ಸಮಾರಂಭದ ಸಂಜೆ ಸಮಗ್ರ ಪಾರಿತೋಷಕವನ್ನು ಘೋಷಿಸಿದಾಗ ಸಭಾಂಗಣದಲ್ಲಿ ಒಂದು ಗಲಿಬಿಲಿಯೆದ್ದಿತು. ಅತಿ ಹೆಚ್ಚು ಮೊದಲ ಸ್ಥಾನಗಳನ್ನು ಗಳಿಸಿದ್ದ ಹೌಸು ಎರಡನೆಯದಾಗಿತ್ತು. ಗುರಿಮಟ್ಟ ಮುಟ್ಟಿದವರ ಸಂಖ್ಯೆಯ ಬಲದಿಂದ ಬೇರೊಂದು ಹೌಸು ಅದನ್ನು ದಾಟಿತ್ತು. ಸೋತ ಹೌಸಿನ ನಾಯಕ ಮರುದಿನ ಬೆಳಗ್ಗೆ ಇಬ್ಬರು ಗೆಳೆಯರೊಡನೆ ಬಂದು, ಅಂಕಪಟ್ಟಿಗಳನ್ನು ನೋಡಬಹುದೇ ಎಂದು ವಿನಯದಿಂದಲೇ ಕೇಳಿದ. ಮೂವರೂ ಶಿಕ್ಷಕರ ಕೊಠಡಿಯ ಮೂಲೆಯ ಮೇಜಿನ ಬಳಿ ಕುಳಿತು, ಹಾಳೆ ಹಾಳೆಯಾಗಿ ಕೂಡಿ ನೋಡಿದರು. ಮೊತ್ತ ಸರಿಯಾಗಿಯೇ ಇತ್ತು. ಹೊರಡುವಾಗ ಅವನು ಪಕ್ಕದಲ್ಲಿದ್ದ ದೈಹಿಕ ಶಿಕ್ಷಕರ ಕಡೆಗೆ ತಿರುಗಿ, 800 ಮೀಟರಿನ ಗುರಿಮಟ್ಟ ಬಹಳ ಸಡಿಲವಾಗಿದೆ, ಮುಂದಿನ ವರ್ಷ ಅದನ್ನು ಬಿಗಿಗೊಳಿಸಬೇಕು ಸರ್ ಎಂದು ಹೇಳಿದ. ಅವರು ನನ್ನ ಮುಖ ನೋಡಿ ನಕ್ಕು, ಎಷ್ಟು ಸೆಕೆಂಡು ಇಳಿಸೋಣ ಎಂದು ಅವನನ್ನೇ ಕೇಳಿದರು. ಅವನು ಹೊಸ ಸಮಯವನ್ನು ಹಾಳೆಯೊಂದರ ಮೇಲೆ ಬರೆದುಕೊಟ್ಟು, ತನ್ನ ಹೌಸಿನ ಚಿಕ್ಕವರು ಎಂದಿನಿಂದ ಅಭ್ಯಾಸ ಆರಂಭಿಸಬಹುದು ಎಂದು ವಿಚಾರಿಸಿದ.